ಭಾಷೆಯೊಳಗಿನ ಕಿರುಭಾಷೆ: ಫಾರ್ಮ್ಯಾಟ್ ಸ್ಟ್ರಿಂಗ್‌ನ ಚರಿತ್ರೆ

ಬರಹದ ನಡುವೆ ತೆರವು ಬಿಟ್ಟು, ಅಲ್ಲಿ ಯಾವ ಮೌಲ್ಯವು ಯಾವ ರೂಪದಲ್ಲಿ ಅಚ್ಚಾಗಬೇಕೆಂದು ಸೂಚಿಸುವ ಪಠ್ಯವನ್ನು ಗಣಕ ಭಾಷೆಗಳಲ್ಲಿ ಫಾರ್ಮ್ಯಾಟ್ ಸ್ಟ್ರಿಂಗ್ ಎನ್ನುತ್ತಾರೆ. ಇದು ಭಾಷೆಯೊಳಗಿನ ಕಿರುಭಾಷೆ. ಇದರ ವ್ಯಾಕರಣವನ್ನು ಯಾರು ಓದಬೇಕೆಂಬ ಪ್ರಶ್ನೆಯೇ ಇದರ ಚರಿತ್ರೆಯ ಎಳೆಯಾಗಿದೆ.

ಐಬಿಎಂ 704 ಯಂತ್ರಕ್ಕಾಗಿ 1957ರಲ್ಲಿ ಹೊರಬಂದ ಫೋರ್ಟ್ರಾನ್‌ನಲ್ಲಿ ಇಂಥ ಸೂಚನೆಗಳಿಗೆ ಪ್ರತ್ಯೇಕ ಹೇಳಿಕೆಯೇ ಇತ್ತು. 'ಐ5' ಎಂದರೆ ಐದು ಸ್ಥಾನಗಳ ಪೂರ್ಣಾಂಕ, 'ಎಫ್10.3' ಎಂದರೆ ಹತ್ತು ಸ್ಥಾನಗಳಲ್ಲಿ ಮೂರು ದಶಮಾಂಶ. ಪಠ್ಯವನ್ನು ಸೇರಿಸಲು ಅದರ ಅಕ್ಷರಗಳನ್ನು ಎಣಿಸಿ, ಆ ಸಂಖ್ಯೆಯ ಬಳಿಕ 'ಎಚ್' ಬರೆಯಬೇಕಿತ್ತು. ಎಣಿಕೆ ಒಂದು ಹೆಚ್ಚಾದರೆ ಮುಂದಿನ ಚಿಹ್ನೆಯೂ ಪಠ್ಯದ ಪಾಲಾಗುತ್ತಿತ್ತು.

ಸಿ ಭಾಷೆಯು ಈ ಸೂಚನೆಯನ್ನು ವ್ಯಾಕರಣದಿಂದ ಹೊರಗಿಟ್ಟಿತು. ಪಾರ್ಸರ್‌ನ ದೃಷ್ಟಿಗೆ ಅದು ಬರಿಯ ಅಕ್ಷರಮಾಲೆ. ಶೇಕಡಾ ಚಿಹ್ನೆಯ ಅರ್ಥವನ್ನು ಬಿಡಿಸುವ ಹೊಣೆ ಕಾರ್ಯಾಚರಣೆಯ ವೇಳೆಯಲ್ಲಿ 'ಪ್ರಿಂಟ್‌ಎಫ್'ನದು. ಹೊರಗಿನವರು ಕೊಟ್ಟ ಪಠ್ಯವನ್ನೇ ಸೂಚನೆಯೆಂದು ಓದಿಸಿದರೆ ಯಂತ್ರದ ಸ್ಮೃತಿಯಲ್ಲಿರುವುದು ಬಯಲಾಗುವ ಅಪಾಯ ಇದರಿಂದಲೇ ಹುಟ್ಟಿತು.

ಪೈಥಾನ್ 3.6 (2016) ತೆರವಿನಲ್ಲಿಯೇ ಪದೋಕ್ತಿಯನ್ನು ಬರೆಯುವ ಎಫ್-ಸ್ಟ್ರಿಂಗ್ ಅನ್ನು ತಂದಿತು. ಆದರೂ ಹೊರಗಿನ ಪಾರ್ಸರ್ ಅದನ್ನು ಒಂದೇ ಅಖಂಡ ಪದವೆಂದು ಎಣಿಸುತ್ತಿತ್ತು. ಒಳಭಾಗವನ್ನು ಬೇರೊಂದು ವಿಧಾನವು ಬಿಡಿಸುತ್ತಿತ್ತು. ಆದುದರಿಂದ ಹೊರಗೆ ಬಳಸಿದ ಉದ್ಧರಣ ಚಿಹ್ನೆಯನ್ನು ಒಳಗೆ ಮತ್ತೆ ಬಳಸುವಂತಿರಲಿಲ್ಲ. 2023ರ 3.12ನೆಯ ಆವೃತ್ತಿಯಲ್ಲಿ ಒಳಭಾಗವೂ ಮುಖ್ಯ ವ್ಯಾಕರಣಕ್ಕೆ ಸೇರಿತು.

ಹೀಗೆ ಪಾರ್ಸರ್ ತೆರವಿನ ಒಳಗನ್ನು ಓದಲು ಕಲಿತಿದೆ. ತೆರವಿನ ಸುತ್ತಣ ಮನುಷ್ಯಭಾಷೆಯನ್ನಲ್ಲ. ಪದಕ್ರಮದ ವ್ಯತ್ಯಾಸಕ್ಕೆ ಪೋಸಿಕ್ಸ್ ಮಾನಕವು ತೆರವುಗಳಿಗೆ ಕ್ರಮಸಂಖ್ಯೆ ಕೊಡುವ ಉಪಾಯವನ್ನು ಒದಗಿಸಿದೆ. ವಿಭಕ್ತಿಯ ಸಮಸ್ಯೆ ಅದಕ್ಕೆ ಬಗೆಹರಿಯದು. ತೆರವಿನ ಬಳಿಕ 'ಗೆ' ಎಂದು ಬರೆದಿಟ್ಟರೆ 'ಸೀತೆಗೆ' ಸರಿಹೋಗುತ್ತದೆ. 'ರಾಮ', 'ಗುರು', 'ಮರ' ಬಂದಾಗ ಬೇಕಾದುದು 'ರಾಮನಿಗೆ', 'ಗುರುವಿಗೆ', 'ಮರಕ್ಕೆ'. ವ್ಯಕ್ತಿನಾಮಗಳಿಗೆ 'ಅವರಿಗೆ' ಎಂಬ ಗೌರವರೂಪವನ್ನು ಸೇರಿಸಿ ಅನುವಾದಕರು ತಪ್ಪಿಸಿಕೊಳ್ಳಬಹುದು. ಮರಕ್ಕೆ ಆ ದಾರಿಯಿಲ್ಲ.

ತೆರವಿಗೆ ಬರುವ ಪದವು ರೂಪ ಬದಲಿಸದು, ನೆರೆಯ ಪದವನ್ನೂ ಬದಲಿಸದು ಎಂಬ ಊಹೆ ಈ ಕಿರುಭಾಷೆಯ ತಳಹದಿಯಲ್ಲಿದೆ. ಕನ್ನಡದಂತಹ ಪ್ರತ್ಯಯಪ್ರಧಾನ ಭಾಷೆಗೆ ಆ ಊಹೆ ಒಗ್ಗದು. ಅಗಲ, ದಶಮಾಂಶಗಳಂತೆ ವಿಭಕ್ತಿಯೂ ತೆರವಿನ ಆಯ್ಕೆಗಳಲ್ಲಿ ಒಂದಾಗುವವರೆಗೆ, ಯಂತ್ರಕ್ಕೆ ಒಪ್ಪುವಂತೆ ಬಾಗಬೇಕಾದುದು ಕನ್ನಡ ವಾಕ್ಯವೇ.