ಎಂಜಿನ್ ಕಸಿ: ಎಂಜಿಬಿ ಸ್ಪೋರ್ಟ್ಸ್ ಕಾರು

ಹಳೆಯ ಸ್ಪೋರ್ಟ್ಸ್ ಕಾರನ್ನು ದುರಸ್ತಿ ಮಾಡಿ, ಅದರ ರೂಪ ಉಳಿಸಿಕೊಂಡು, ಈ ಕಾಲದ ಎಂಜಿನ್ ಕೂರಿಸುವುದನ್ನು ರೆಸ್ಟೊಮಾಡ್ ಎನ್ನುತ್ತಾರೆ. ಕಾರ್ಖಾನೆಯಿಂದ ಬಂದ ಹಾಗೆಯೇ ಕಾರು ಇರಬೇಕೆನ್ನುವವರ ಕಣ್ಣಿಗೆ ಇದು ಅಪಚಾರ. ಆದರೆ ಎಂಜಿನ್ ಯಾವ ಮನೆತನದ್ದು ಎಂಬುದಲ್ಲ, ಅದರ ತೂಕವೆಷ್ಟು, ಅದಕ್ಕಾಗಿ ಕಾರಿನ ಒಡಲಿಗೆ ಎಷ್ಟು ಕತ್ತರಿ ಬಿತ್ತು ಎಂಬುದೇ ಕಸಿಯ ಒಳಿತು ಕೆಡುಕನ್ನು ತೀರ್ಮಾನಿಸುತ್ತದೆ. ಇಂಗ್ಲೆಂಡಿನ ಎಂಜಿಬಿಯ ಚರಿತ್ರೆ ಇದಕ್ಕೆ ಸಾಕ್ಷಿ.

1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಈ ಕಾರಿನಲ್ಲಿದ್ದದ್ದು 1,798 ಸಿಸಿಯ, ನಾಲ್ಕು ಸಿಲಿಂಡರಿನ, ಬೀಡು ಕಬ್ಬಿಣದ ಎಂಜಿನ್. 1967ರಲ್ಲಿ ಕಂಪನಿಯೇ ಅದೇ ಒಡಲಿಗೆ 2,912 ಸಿಸಿಯ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಎಂದು ಮಾರಿತು. ಅದೂ ಬೀಡಿನದೇ. ಮೂತಿ ಭಾರವಾಗಿ, ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲವೆಂಬ ದೂರು ಬಂತು. 1969ಕ್ಕೆ ತಯಾರಿಕೆ ನಿಂತಿತು. ಅದರ ಬೆನ್ನಿಗೇ ಕೆನ್ ಕಾಸ್ಟೆಲೊ ಎಂಬ ರೇಸ್ ಚಾಲಕ ತನ್ನ ಗ್ಯಾರೇಜಿನಲ್ಲಿ ರೋವರ್ ಕಂಪನಿಯ 3,528 ಸಿಸಿಯ ವಿ8 ಎಂಜಿನ್ನನ್ನು ಎಂಜಿಬಿಗೆ ಕೂರಿಸತೊಡಗಿದ. ಅಮೆರಿಕದ ಬ್ಯೂಕ್ ವಿನ್ಯಾಸದಿಂದ ಬಂದ ಈ ಎಂಜಿನ್ ಅಲ್ಯೂಮಿನಿಯಮ್ಮಿನದು. ಸಿಲಿಂಡರ್ ಎಂಟಾದರೂ ತೂಕ ಹಳೆಯ ನಾಲ್ಕು ಸಿಲಿಂಡರಿನದಕ್ಕೆ ಹೆಚ್ಚುಕಡಿಮೆ ಸಮ. ಮನೆಯ ಮಗ ಕೆಡಿಸಿದ್ದನ್ನು ದತ್ತುಮಗ ಸರಿಪಡಿಸಿದಂತಾಯಿತು. ಎಂಜಿಬಿಯ ಕಂಪನಿಯೂ 1973ರಲ್ಲಿ ಅದೇ ದಾರಿ ಹಿಡಿದು, 1976ರೊಳಗೆ ಇಂಥ 2,591 ಕಾರುಗಳನ್ನು ತಯಾರಿಸಿತು.

ಇಂದಿನ ಕಸಿಯಲ್ಲಿ ಎಂಜಿನ್ ಕೂರಿಸುವುದೇ ಸುಲಭದ ಭಾಗ. ಶಕ್ತಿ ಹೆಚ್ಚಿದರೆ ಬ್ರೇಕ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ರೇಡಿಯೇಟರ್ ಎಲ್ಲವೂ ಅದಕ್ಕೆ ತಕ್ಕಂತಿರಬೇಕು. ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ನಿಯಂತ್ರಣದ ಇಂಧನ ಇಂಜೆಕ್ಷನ್ ಬಂದರೆ ಪೆಟ್ರೋಲ್ ಪಂಪು, ವೈರಿಂಗ್ ಸಹ ಹೊಸದಾಗಬೇಕು. ಇವನ್ನು ಬಿಟ್ಟು ಅಶ್ವಶಕ್ತಿಯನ್ನಷ್ಟೇ ಏರಿಸಿದ ಕಾರು ಎಂಜಿಸಿಯ ತಪ್ಪನ್ನೇ ಮತ್ತೆ ಮಾಡುತ್ತದೆ.

ಹೀಗೆ ಮಾಡುತ್ತ ಹೋದರೆ ಹಳೆಯ ಕಾರು ಉಳಿಯುವುದೆಲ್ಲಿ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬೆರಳೆಣಿಕೆಯಷ್ಟೇ ಉಳಿದಿರುವ ಮಾದರಿಗೆ, ಇಲ್ಲವೇ ರೇಸಿನ ಇತಿಹಾಸವಿರುವ ಕಾರಿಗೆ ಕೈಹಾಕುವುದು ದಾಖಲೆಯನ್ನೇ ಅಳಿಸಿದಂತೆ. ಲಕ್ಷಗಟ್ಟಲೆ ತಯಾರಾದ ಎಂಜಿಬಿಗೆ ಆ ವಾದ ಅಷ್ಟಾಗಿ ಒಪ್ಪುವುದಿಲ್ಲ; ಒಡಲು ಕತ್ತರಿಸದೆ, ತೆಗೆದ ಎಂಜಿನ್ನನ್ನು ಜೋಪಾನವಾಗಿಟ್ಟರೆ ಮುಂದಿನ ಮಾಲೀಕ ಅದನ್ನು ಮರಳಿ ಕೂರಿಸಬಹುದು. ಕಾರಿನ ಗುರುತು ಎಂಜಿನ್ನಿನಲ್ಲೇ ಇದೆ ಎನ್ನುವವರು ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಅನುಸರಿಸಿದ ಲೆಕ್ಕವನ್ನು ಗಮನಿಸಬೇಕು: ಮಾರ್ಪಡಿಸಿದ ಕಾರು ಹಳೆಯ ನಂಬರನ್ನು ಉಳಿಸಿಕೊಳ್ಳಲು ಕನಿಷ್ಠ 8 ಅಂಕ ಬೇಕಿತ್ತು, ಅದರಲ್ಲಿ ಮೂಲ ಚಾಸಿಗೆ 5, ಎಂಜಿನ್ನಿಗೆ 1. ಭಾರತದ ಕಾನೂನು ಮಾತ್ರ ಬೇರೆ ಹಾದಿ ಹಿಡಿದಿದೆ. 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಕ್ಕೆ. ಎಂಜಿನ್ ಮಾರ್ಪಡಿಸಿದ ಕಾರು ಆ ಪಟ್ಟಿಗೆ ಸೇರುವುದಿಲ್ಲ.