ವೈದ್ಯ ಪರವಾನಗಿ ಪರೀಕ್ಷೆಗಳಲ್ಲಿ ಅಣಕು ರೋಗಿ

ನಿಗದಿತ ಕಾಯಿಲೆಯೊಂದರ ದೂರು, ಪೂರ್ವಚರಿತ್ರೆ ಮತ್ತು ಲಕ್ಷಣಗಳನ್ನು ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆಯೂ ಒಂದೇ ರೀತಿಯಲ್ಲಿ ಅಭಿನಯಿಸಲು ತರಬೇತಿ ಪಡೆದ ವ್ಯಕ್ತಿಯನ್ನು ಅಣಕು ರೋಗಿ ಎನ್ನುತ್ತಾರೆ. ವಾರ್ಡಿನ ರೋಗಿಯನ್ನೇ ಆಧರಿಸಿದ ಪರೀಕ್ಷೆಯಲ್ಲಿ ಒಬ್ಬರಿಗೆ ಸುಲಭದ, ಇನ್ನೊಬ್ಬರಿಗೆ ತೊಡಕಿನ ಪ್ರಕರಣ ಬರುವುದರಿಂದ ಉಂಟಾಗುವ ತಾರತಮ್ಯವನ್ನು ನಿವಾರಿಸುವುದು ಈ ಕ್ರಮದ ಮುಖ್ಯ ಉದ್ದೇಶ.

ಇದರ ಪ್ರವರ್ತಕ ಅಮೆರಿಕದ ನರರೋಗತಜ್ಞ ಹೋವರ್ಡ್ ಬ್ಯಾರೋಸ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಅವರು ಚಿತ್ರಕಾರರಿಗೆ ರೂಪದರ್ಶಿಯಾಗಿದ್ದ ಮಹಿಳೆಯೊಬ್ಬರಿಗೆ ಕಾಲುಗಳ ಸ್ವಾಧೀನ ತಪ್ಪಿದ ರೋಗಿಯ ಪಾತ್ರವನ್ನು ಕಲಿಸಿದರು. ಪ್ಯಾಟಿ ಡಗ್ಗರ್ ಎಂಬ ಹೆಸರಿನ ಆ ಪಾತ್ರವನ್ನು ವಹಿಸಿದ ಆಕೆಯೇ, ವಿದ್ಯಾರ್ಥಿ ತನ್ನನ್ನು ಹೇಗೆ ಪರೀಕ್ಷಿಸಿದನೆಂಬುದನ್ನು ಅನಂತರ ಪಟ್ಟಿಯಲ್ಲಿ ಗುರುತಿಸುತ್ತಿದ್ದಳು. 1975ರಲ್ಲಿ ಡಂಡೀಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಪ್ರಕಟಿಸಿದ ‘ಓಸ್ಕಿ’ ಪದ್ಧತಿಯಲ್ಲಿ, ಅಂದರೆ ಅಭ್ಯರ್ಥಿಗಳು ಗಂಟೆ ಬಾರಿಸಿದಂತೆಲ್ಲ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತ ಪ್ರತಿ ಮೇಜಿನಲ್ಲೂ ಒಂದು ಗೊತ್ತಾದ ಕೆಲಸ ಮಾಡಿ ತೋರಿಸುವ ಪದ್ಧತಿಯಲ್ಲಿ, ಅಣಕು ರೋಗಿಗೆ ಖಚಿತ ಸ್ಥಾನ ದೊರೆಯಿತು. ರಾಷ್ಟ್ರಮಟ್ಟದ ಪರವಾನಗಿಗೆ ಇದನ್ನು ಕೆನಡಾ 1992ರಲ್ಲಿ ಅಳವಡಿಸಿತು. ಅಮೆರಿಕವು 1998ರಿಂದ ವಿದೇಶಿ ಪದವೀಧರರಿಗೆ, 2004ರಿಂದ ಸ್ವದೇಶಿ ವಿದ್ಯಾರ್ಥಿಗಳಿಗೂ ಇದನ್ನು ಕಡ್ಡಾಯಗೊಳಿಸಿದ್ದರಿಂದ, ಅಲ್ಲಿ ವೃತ್ತಿ ಅರಸಿದ ಕರ್ನಾಟಕದ ವೈದ್ಯರೂ ಹನ್ನೆರಡು ಅಣಕು ರೋಗಿಗಳನ್ನು, ತಲಾ 15 ನಿಮಿಷಗಳಂತೆ, ಇಂಗ್ಲಿಷಿನಲ್ಲಿ ವಿಚಾರಿಸಿ, ಪ್ರತಿಯೊಬ್ಬರ ಬಗೆಗೂ 10 ನಿಮಿಷಗಳಲ್ಲಿ ಟಿಪ್ಪಣಿ ಬರೆಯಬೇಕಾಯಿತು. ಕೋವಿಡ್ ಕಾಲದಲ್ಲಿ ಸ್ಥಗಿತಗೊಂಡ ಈ ಎರಡೂ ದೇಶಗಳ ಪರೀಕ್ಷೆಗಳು 2021ರಲ್ಲಿ ರದ್ದಾದವು.

ಭಾರತದಲ್ಲಿ ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆ ಮುಗಿಸಿ ಇಂಟರ್ನ್‌ಶಿಪ್ ಪೂರೈಸಿದವರು ಬೇರೆ ಪರವಾನಗಿ ಪರೀಕ್ಷೆಯಿಲ್ಲದೆ ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುವುದು ರೂಢಿ. ಹೀಗಾಗಿ ಬೆಳಗಾವಿಯಲ್ಲಿ 1963ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜನ್ನೂ ಒಳಗೊಂಡಂತೆ ರಾಜ್ಯದ ಕಾಲೇಜುಗಳಲ್ಲಿ ಪ್ರಾಯೋಗಿಕ ಪರೀಕ್ಷೆಯ ತಿರುಳು ‘ಲಾಂಗ್ ಕೇಸ್’ ಮತ್ತು ‘ಶಾರ್ಟ್ ಕೇಸ್’ಗಳೇ, ಅಂದರೆ ನಿಜವಾದ ರೋಗಿಯ ವಿವರವಾದ ಅಥವಾ ಸಂಕ್ಷಿಪ್ತ ತಪಾಸಣೆಯೇ ಆಗಿತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯು ದೇಶಕ್ಕೆಲ್ಲ ಒಂದೇ ಆದ ‘ನೆಕ್ಸ್ಟ್’ ಎಂಬ ನಿರ್ಗಮನ ಪರೀಕ್ಷೆಯನ್ನು ವಿಧಿಸಿತು; 2023ರ ನಿಯಮಗಳು ಅದರ ಎರಡನೆಯ ಹಂತದಲ್ಲಿ ಏಳು ಚಿಕಿತ್ಸಾ ವಿಷಯಗಳಿಗೆ ಅಣಕು ಪ್ರಕರಣಗಳನ್ನು ಸೂಚಿಸಿದವಾದರೂ, ಅದೇ ವರ್ಷದ ಜುಲೈನಲ್ಲಿ ಪರೀಕ್ಷೆಯನ್ನು ಮುಂದೂಡಲಾಯಿತು.

ಅಣಕು ಪ್ರಕರಣದ ಬೆಲೆ ಅದರ ಮಾತಿನ ಸಹಜತೆಯನ್ನು ಅವಲಂಬಿಸಿದೆ. ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಂಥ ಊರಿನ ರೋಗಿ ‘ಹೊಟ್ಟೆ ನೋವು’ ಎನ್ನುವ ಬದಲು ‘ಹೊಟ್ಟಿ ಬ್ಯಾನಿ’ ಎನ್ನಬಹುದು. ‘ಬ್ಯಾನಿ’ ಅಂದರೆ ನೋವೂ ಹೌದು, ಕಾಯಿಲೆಯೂ ಹೌದು, ಆದ್ದರಿಂದ ಯಾವ ಅರ್ಥದಲ್ಲಿ ಆಡಿದ ಮಾತೆಂಬುದನ್ನು ಮರುಪ್ರಶ್ನೆಯಿಂದಲೇ ತಿಳಿಯಬೇಕು. 2019ರ ಎಂಬಿಬಿಎಸ್ ಪಠ್ಯಕ್ರಮದ ಪೂರ್ವಸಿದ್ಧತಾ ತರಗತಿಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಸ್ಥಾನ ದೊರೆತಿರುವುದು ಈ ಅಗತ್ಯಕ್ಕೆ ಹೊಂದುತ್ತದೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಕರಣ ಎಂಬ ತತ್ತ್ವ ಕರ್ನಾಟಕದಲ್ಲಿ ಜಾರಿಗೆ ಬರಬೇಕಾದರೆ, ಆ ಪ್ರಕರಣವನ್ನು ಯಾವ ಸೀಮೆಯ ಕನ್ನಡದಲ್ಲಿ ಬರೆಯಬೇಕೆಂಬುದೂ ಮೊದಲೇ ತೀರ್ಮಾನವಾಗಬೇಕಾಗುತ್ತದೆ.