ಕೊಳವೆ ಹುಳು

ಕೊಳವೆ ಹುಳು: ನೀರು ನಿಂತ ಭತ್ತದ ಗದ್ದೆಯಲ್ಲಿ ಬೆಳೆಯುವ ಒಂದು ಪತಂಗದ ಮರಿಹುಳು. ಲೆಪಿಡಾಪ್ಟರ ಗಣದ ಕ್ರ್ಯಾಂಬಿಡೀ ಕುಟುಂಬಕ್ಕೆ ಸೇರಿದ ಈ ಪತಂಗದ ಶಾಸ್ತ್ರೀಯ ಹೆಸರು ಪ್ಯಾರಪಾಯಿಂಕ್ಸ್ ಸ್ಟ್ಯಾಗ್ನಾಲಿಸ್. ಕರ್ನಾಟಕವೂ ಸೇರಿದಂತೆ ಏಷ್ಯದ ಭತ್ತದ ನಾಡುಗಳಲ್ಲಿ, ಆಫ್ರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಇದರ ವಾಸವಿದೆ.

ನೀರಲ್ಲಿ ಬಾಳುವ ಪತಂಗದ ಮರಿಗಳನ್ನು ವಿದ್ವಾಂಸರು ಮೊದಲು ಗಮನವಿಟ್ಟು ನೋಡಿದ್ದು ಯುರೋಪಿನ ಕೊಳಗಳಲ್ಲಿ. 18ನೆಯ ಶತಮಾನದಲ್ಲಿ ಫ್ರಾನ್ಸಿನ ರೆಯೋಮ್ಯೂರ್, ಎಲೆಯ ತುಂಡುಗಳಿಂದ ಗೂಡು ಹೊಲಿದುಕೊಳ್ಳುವ ಜಲವಾಸಿ ಮರಿಹುಳುವನ್ನು ವರ್ಣಿಸಿದ. ಸ್ವೀಡನ್ನಿನ ಡಿ ಗೀರ್ ಇನ್ನೊಂದು ಬಗೆಯ ಮರಿಯ ಮೈಮೇಲೆ ಎಳೆಎಳೆಯಾದ ಕಿವಿರುಗಳನ್ನು ಕಂಡ. ಇಂಥ ಕೆಲವು ಪತಂಗಗಳಿಗೆ ಲಿನೇಯಸ್ 1758ರಲ್ಲಿ ಹೆಸರಿಟ್ಟ. ಭತ್ತದ ಈ ಪತಂಗವನ್ನು ಜರ್ಮನಿಯ ಟ್ಸೆಲ್ಲರ್ 1852ರಲ್ಲಿ ಹೆಸರಿಸಿದ. 1854ರಲ್ಲಿ ಗೆನೆ ಎಂಬ ಕೀಟತಜ್ಞ ಇದಕ್ಕೇ ಡಿಪಂಕ್ಟಾಲಿಸ್ ಎಂಬ ಹೆಸರು ಕೊಟ್ಟ. ಹೀಗಾಗಿ ಭಾರತದ ಹಳೆಯ ಕೃಷಿ ಪುಸ್ತಕಗಳಲ್ಲಿ ಇದು ನಿಂಫುಲ ಡಿಪಂಕ್ಟಾಲಿಸ್ ಎಂದೇ ಸಿಗುತ್ತದೆ.

ಪತಂಗ ಚಿಕ್ಕದು, ಹಿಮದಂಥ ಬಿಳಿ ರೆಕ್ಕೆಗಳ ಮೇಲೆ ಕಂದು ಚುಕ್ಕೆಗಳಿರುತ್ತವೆ. ರಾತ್ರಿ ಹಾರಾಡಿ ದೀಪಕ್ಕೆ ಮುತ್ತುತ್ತದೆ. ಹೆಣ್ಣು, ನೀರಿಗೆ ತಾಗಿದ ಎಲೆಯ ಅಡಿಭಾಗದಲ್ಲಿ ಮೊಟ್ಟೆಯಿಡುತ್ತದೆ. ಹಸಿರು ಛಾಯೆಯ ಮರಿ ಎಲೆಯ ತುದಿ ಕತ್ತರಿಸಿ, ಸುರುಳಿ ಸುತ್ತಿ, ಒಳಗೆ ರೇಷ್ಮೆಯ ನೂಲು ಹಾಸಿ ಕೊಳವೆ ಮಾಡಿಕೊಳ್ಳುತ್ತದೆ. ಕೊಳವೆಯೊಳಗೆ ನೀರು ತುಂಬಿರುತ್ತದೆ. ಮೈಯ ಎರಡೂ ಬದಿಯ ಕವಲೊಡೆದ ಕಿವಿರುಗಳು ಆ ನೀರಿನಿಂದಲೇ ಆಮ್ಲಜನಕ ಹೀರುತ್ತವೆ. ಕೊಳವೆಯನ್ನು ಹೊತ್ತೇ ಮರಿ ಪೈರನ್ನೇರಿ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ. ಆಗ ಎಲೆ ಕಾಗದದಂತೆ ಬೆಳ್ಳಗಾಗುತ್ತದೆ. ತೇಲುವ ಕೊಳವೆಗಳನ್ನು ಗಾಳಿ ಒಂದು ಬದಿಗೆ ತಳ್ಳುವುದರಿಂದ ಹಾನಿ ಗದ್ದೆಯಲ್ಲೆಲ್ಲ ಒಂದೇ ಸಮನಾಗಿರುವುದಿಲ್ಲ.

ನಾಟಿಯಾದ ಎಳೆಯ ಪೈರಿಗೆ ಇದರ ಬಾಧೆ ಹೆಚ್ಚು. ತೆಂಡೆ ಒಡೆದಂತೆ ಪೈರು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಹಗ್ಗವನ್ನು ಪೈರಿನ ಮೇಲೆ ಎಳೆದು ಕೊಳವೆಗಳನ್ನು ನೀರಿಗೆ ಬೀಳಿಸಿ, ಆ ನೀರನ್ನು ಬಸಿಯುವುದು ಹಳೆಯ ಪದ್ಧತಿ. ಗದ್ದೆಯನ್ನು ಎರಡು ಮೂರು ದಿನ ಒಣಗಲು ಬಿಟ್ಟರೂ ಮರಿಗಳು ಸಾಯುತ್ತವೆ. ಕಿವಿರಿನಿಂದ ಉಸಿರಾಡುವ ಈ ಹುಳುವಿಗೆ ನೀರಿಲ್ಲದೆ ಬದುಕಿಲ್ಲ. ಆದ್ದರಿಂದ ಕೀಟನಾಶಕಕ್ಕಿಂತ ಮೊದಲು ರೈತ ತೆರೆಯಬೇಕಾದದ್ದು ಗದ್ದೆಯ ಬದುವಿನ ಮಡೆಯನ್ನು.